ಕಲ್ನಾರಿನ ಲೆಕ್ಕ ನಲವತ್ತು ವರ್ಷ

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನೋ ಚಂದದ ಹೆಸರಿದೆ. ಇರೋದು ಕಲ್ಲೇ, ಆದ್ರೆ ನಾರಿನ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತೆ. ಬೆಂಕಿಗೆ ಸುಡಲ್ಲ, ನೀರಿಗೆ ಕೊಳೆಯಲ್ಲ. ನಮ್ಮ ಹುಣಸೂರು ಸೀಮೆಯಲ್ಲಿ ಯಾರೂ ಇದನ್ನ ಕಲ್ನಾರು ಅನ್ನಲ್ಲ, 'ಶೀಟು' ಅಂದ್ರೆ ಸಾಕು. ನಾಗರಹೊಳೆ ಸಫಾರಿಗೆ ವೀರನಹೊಸಹಳ್ಳಿ ಗೇಟಿಗೆ ಬರುವವರ ಕಣ್ಣು ಆನೆ ಹುಡುಕುತ್ತಿರುತ್ತೆ. ನಾನು ಆ ದಾರಿಯಲ್ಲಿ ಹೋದಾಗೆಲ್ಲ ಚಾವಣಿ ನೋಡ್ತೀನಿ. ಮನೆ, ಕೊಟ್ಟಿಗೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅಂಗಡಿ. ಹೆಂಚು ಇಳಿದು ಸಿಮೆಂಟ್ ಶೀಟು ಏರಿದ ಕತೆ ಅಲ್ಲೇ ಕಾಣುತ್ತೆ.

ಹಾಕಿದ ಶೀಟು ಸುಮ್ಮನೆ ಚಾವಣಿ ಮೇಲಿದ್ದರೆ ಅಪಾಯ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ದೂಳಿನಲ್ಲಿದೆ ಸಮಸ್ಯೆ. ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರಿ ಅಲ್ಲೇ ಉಳಿಯುತ್ತವೆ. ಕಾಯಿಲೆ ತಲೆ ಎತ್ತೋದು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಕೆಲಸ ಕೊಟ್ಟವನು ಎಲ್ಲೋ, ಕೆಲಸ ಮಾಡಿದವನು ಎಲ್ಲೋ. ಹಾಗಾದ್ರೆ ಪರಿಹಾರ ಕೇಳೋದು ಯಾರ ಹತ್ರ? ಏನು ತೋರಿಸಿ?

ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ನೆಲ್ಲಿ ಕರ್ಶಾ ಅನ್ನೋ ಹೆಂಗಸು ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದಳು. ಉಸಿರಾಡಲಾಗದೆ 1922ರಲ್ಲಿ ಕೆಲಸ ಬಿಟ್ಟಳು. ಇದು ಕಲ್ನಾರಿನ ವಿಷ ಅಂತ ವೈದ್ಯರು ಬರೆದುಕೊಟ್ಟರು. ಆದ್ರೆ ಆ ಕಾಯಿಲೆ ಅಂದಿನ ಕಾನೂನಿನ ಪಟ್ಟಿಯಲ್ಲೇ ಇರಲಿಲ್ಲ. ಕಂಪನಿ ಪರಿಹಾರ ಕೊಡಲಿಲ್ಲ. 1924ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. ಅವಳ ಶ್ವಾಸಕೋಶ ಪರೀಕ್ಷಿಸಿದ ಡಾ. ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, 1927ರಲ್ಲಿ 'ಆಸ್ಬೆಸ್ಟೋಸಿಸ್' ಅಂತ ಹೆಸರಿಟ್ಟರು. ದೂಳು ತಡೆಯುವ ನಿಯಮಗಳು ಬ್ರಿಟನ್ನಿನಲ್ಲಿ ಬಂದಿದ್ದು 1931ರಲ್ಲಿ. ಹೆಸರಿಲ್ಲದ ಕಾಯಿಲೆಗೆ ಪರಿಹಾರವಿಲ್ಲ ಅನ್ನೋದು ಮೊದಲ ಪಾಠ.

ಎರಡನೇ ಪಾಠ ನಮ್ಮದೇ ಮೈಸೂರು ಸಂಸ್ಥಾನದ್ದು. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವವರ ಎದೆಗೆ ಸೇರುತ್ತಿದ್ದುದು ಕಲ್ನಾರಲ್ಲ, ಸಿಲಿಕಾ ದೂಳು. ಕಾಯಿಲೆಯ ಹೆಸರು ಸಿಲಿಕೋಸಿಸ್. ಎರಡೂ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳೇ. 1940ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದು, ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಮಾಡಿತು. 1947ರ ವೈದ್ಯಕೀಯ ವರದಿಯೊಂದರಲ್ಲಿ, ಪರೀಕ್ಷೆಗೆ ಒಳಗಾದ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರ ಪೈಕಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನರಲ್ಲಿ ಈ ಕಾಯಿಲೆ ಕಂಡಿತ್ತು. ಎಂಥಾ ಭೀಕರ ಸಂಖ್ಯೆ ನೋಡಿ! ಆದ್ರೆ ಆ ಸಂಖ್ಯೆ ಸಿಕ್ಕಿದ್ದಾದರೂ ಹೇಗೆ? ಅಲ್ಲಿ ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು, ಎಕ್ಸ್‌ರೇ ಇತ್ತು. ಯಾರು ಎಷ್ಟು ವರ್ಷ ನೆಲದಡಿ ದುಡಿದರು ಅನ್ನೋದು ಕಾಗದದ ಮೇಲಿತ್ತು.

ಕಲ್ನಾರಿನ ವಿಷಯಕ್ಕೆ ಭಾರತದಲ್ಲಿ ಅಂಥ ದೊಡ್ಡ ತೀರ್ಪು ಬಂದಿದ್ದು 1995ರ ಜನವರಿ 27ರಂದು. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೆಲಸಗಾರನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ಗುಜರಾತಿನ ಕೆಲಸಗಾರರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಮತ್ತೆ ಪರೀಕ್ಷಿಸಿ, ಕಾಯಿಲೆ ಖಾತ್ರಿಯಾದ ಒಬ್ಬೊಬ್ಬರಿಗೂ ಒಂದು ಲಕ್ಷ ರೂಪಾಯಿ ಕೊಡಬೇಕು ಅಂದಿತು.

ನನಗೆ ಆ ಒಂದು ಲಕ್ಷಕ್ಕಿಂತ ಮುಖ್ಯ ಅನ್ನಿಸೋದು ಅದೇ ತೀರ್ಪಿನ ಇನ್ನೊಂದು ಆದೇಶ. ಕಲ್ನಾರು ಉದ್ಯಮಗಳು ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕು. ಕಾಯಿಲೆಯ ವಾಯಿದೆ ಎಷ್ಟೋ ಕಾಗದದ ವಾಯಿದೆಯೂ ಅಷ್ಟು ಅಂತ ನ್ಯಾಯಾಲಯಕ್ಕೆ ಅರ್ಥವಾಗಿತ್ತು.

ಸರಿ, ಈ ಬೆಳಕಿನಲ್ಲಿ ನಮ್ಮೂರ ಕಡೆಯ ಗಾರೆ ಕೆಲಸದವರನ್ನ ನೋಡಿ. ಇವತ್ತು ಹುಣಸೂರು, ನಾಳೆ ಮೈಸೂರು, ಆಚೆ ವಾರ ಬೆಂಗಳೂರು. ಮೇಸ್ತ್ರಿ ಫೋನ್ ಮಾಡಿದ ಕಡೆ ಹೋಗಿ, ಮೂಗಿಗೆ ಟವೆಲ್ ಕಟ್ಟಿ ಶೀಟು ಕೊಯ್ತಾರೆ, ಸಂಜೆ ಕೂಲಿ ಇಸ್ಕೊಂಡು ಬರ್ತಾರೆ. ಇವರಿಗೆ ಹಾಜರಿ ಪುಸ್ತಕವಿಲ್ಲ, ಇಎಸ್‌ಐ ಕಾರ್ಡಿಲ್ಲ. ಆಸ್ಬೆಸ್ಟೋಸಿಸ್ಸು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೇರಿತು. ಅಂದ್ರೆ ನೆಲ್ಲಿಗೆ ಸಿಗದ ಹೆಸರು ಇವರಿಗೆ ಸಿಕ್ಕಿದೆ. ಕೋಲಾರದವರಿಗೆ ಇದ್ದ ಕಾಗದ ಮಾತ್ರ ಸಿಕ್ಕಿಲ್ಲ. ಆ ಕಾಯ್ದೆಯಡಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ತಡವಾದರೆ ತಕ್ಕ ಕಾರಣ ಕೊಟ್ಟು ಮನ್ನಾ ಕೇಳಬಹುದಿತ್ತು. ಆದ್ರೆ ಕೆಮ್ಮು, ಉಬ್ಬಸ ಅಂದ ಕೂಡಲೇ ಟಿಬಿ ಅಂತಲೋ ಬೀಡಿ ಅಂತಲೋ ತೀರ್ಮಾನವಾದರೆ, ಅರ್ಜಿಯ ಮಾತೇ ಏಳಲ್ಲ.

ಶೀಟನ್ನೇ ನಿಲ್ಲಿಸಬಹುದಲ್ಲ ಅಂತೀರಾ? ಬ್ರಿಟನ್ 1999ರಲ್ಲಿ ನಿಲ್ಲಿಸಿತು, ಯುರೋಪಿನ ಒಕ್ಕೂಟ 2005ರಲ್ಲಿ. ನಮ್ಮಲ್ಲಿ ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ವಜಾ ಮಾಡಿತು. ನಿಷೇಧ ಇವತ್ತೇ ಬಂದರೂ, ಈಗಾಗಲೇ ಎದೆಗೆ ಇಳಿದ ದೂಳಿನ ಲೆಕ್ಕ ಇನ್ನೂ ನಲವತ್ತು ವರ್ಷ ನಡೆಯುತ್ತೆ.

ನಮ್ಮಲ್ಲಿ ಬಹಳ ಜನಕ್ಕೆ ಆಫರ್ ಲೆಟರ್, ಪೇ ಸ್ಲಿಪ್ ಎಲ್ಲ ಮೇಲ್‌ನಲ್ಲೇ ಇರುತ್ತೆ. ಅಪ್ಪ, ಮಾವ, ದೊಡ್ಡಪ್ಪ ಶೀಟಿನ ಕಾರ್ಖಾನೆಯಲ್ಲೋ ಗಾರೆ ಕೆಲಸದಲ್ಲೋ ದುಡಿದವರಾಗಿದ್ದರೆ, ಊರಿಗೆ ಹೋದಾಗ ಒಂದು ಗಂಟೆ ಅವರ ಜೊತೆ ಕೂತ್ಕೊಳ್ಳಿ. ಯಾವ ಇಸವಿ, ಎಲ್ಲಿ, ಯಾವ ಮೇಸ್ತ್ರಿ, ಜೊತೆಗೆ ಯಾರಿದ್ರು ಅಂತ ಕೇಳಿ ಬರೆದಿಡಿ. ಪಿಎಫ್ ನಂಬರು, ಹಳೇ ಗುರುತಿನ ಚೀಟಿ ಇದ್ದರೆ ಫೋಟೋ ತೆಗೀರಿ. ಎಕ್ಸ್‌ರೇ ಫಿಲಂ ಎಸೀಬೇಡಿ ಅನ್ನಿ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಇವರು ಇಷ್ಟು ವರ್ಷ ಶೀಟು ಕೊಯ್ತಿದ್ರು. ಆ ಮಾತನ್ನ ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.