ಕಾಗಿನೆಲೆಯ ಆದಿಕೇಶವ ಹಾಗೂ ಕನಕದಾಸರ ಸ್ಮಾರಕಗಳು

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಸಂತಕವಿ ಕನಕದಾಸರ ಕರ್ಮಭೂಮಿಯಾಗಿರುತ್ತದೆ. ಇಲ್ಲಿನ ಆದಿಕೇಶವ ಮೂರ್ತಿಯನ್ನು ಕನಕದಾಸರೇ ತಮ್ಮ ಜನ್ಮಸ್ಥಳವಾದ ಬಾಡ ಗ್ರಾಮದಿಂದ ತಂದು ಪ್ರತಿಷ್ಠಾಪಿಸಿದರೆಂಬುದು ಪರಂಪರೆಯಿಂದ ಬಂದ ನಂಬಿಕೆ. ಬಾಡವು ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದೆ.

ಬೀರೇಗೌಡ ಹಾಗೂ ಬಚ್ಚಮ್ಮ ದಂಪತಿಗಳ ಪುತ್ರರಾದ ಕನಕದಾಸರ ಪೂರ್ವನಾಮ ತಿಮ್ಮಪ್ಪನಾಯಕ. ಯುದ್ಧವೊಂದರಲ್ಲಿ ತೀವ್ರವಾಗಿ ಗಾಯಗೊಂಡ ತರುವಾಯ ಅವರು ಅಧಿಕಾರವನ್ನು ತ್ಯಜಿಸಿ ಹರಿದಾಸರಾದರೆಂದು ಐತಿಹ್ಯವು ತಿಳಿಸುತ್ತದೆ. ಮೋಹನತರಂಗಿಣಿ, ನಳಚರಿತ್ರೆ, ರಾಮಧಾನ್ಯಚರಿತ್ರೆ ಹಾಗೂ ಹರಿಭಕ್ತಿಸಾರ ಅವರ ಪ್ರಮುಖ ಕೃತಿಗಳು. ಈ ಪೈಕಿ ರಾಮಧಾನ್ಯಚರಿತ್ರೆಯು ಬಡವರ ಆಹಾರವಾದ ರಾಗಿಯ ಹಿರಿಮೆಯನ್ನು ಸಾರುತ್ತದೆ.

ದೇವರೊಂದಿಗೆ ಸ್ಥಳದ ಹೆಸರೂ ಕೀರ್ತನೆಗಳ ಅಂಕಿತದಲ್ಲಿ ಸೇರಿದ್ದರಿಂದ, ಕಾಗಿನೆಲೆಯನ್ನು ಎಂದೂ ಕಾಣದವರಿಗೂ ಆ ಹೆಸರು ಪರಿಚಿತವಾಗಿದೆ. ಬಾಡದ ನೆನಪು ಮಾತ್ರ ಬಹುಕಾಲ ಐತಿಹ್ಯದಲ್ಲಿ ಹಾಗೂ ಹಳೆಯ ಕೋಟೆಯ ಅವಶೇಷಗಳಲ್ಲಿ ಉಳಿದಿತ್ತು. ಈ ಕೊರತೆಯನ್ನು ನೀಗಿಸುವ ದಿಸೆಯಲ್ಲಿ ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರವು ಬಾಡದಲ್ಲಿ ಅರಮನೆಯ ಮಾದರಿಯ ಸ್ಮಾರಕವನ್ನು ನಿರ್ಮಿಸಿದೆ. ಕನಕದಾಸರ ಗದ್ದುಗೆಯು ಕಾಗಿನೆಲೆಯಲ್ಲಿದೆ. ಆದುದರಿಂದ ಒಂದು ಜೀವನದ ಆರಂಭ ಹಾಗೂ ಅಂತ್ಯ ಎರಡನ್ನೂ ಅರಿಯಬಯಸುವವರು ಎರಡೂ ಗ್ರಾಮಗಳನ್ನು ಸಂದರ್ಶಿಸುವುದು ಸೂಕ್ತ.

ತಲುಪುವ ಮಾರ್ಗ: ಹುಬ್ಬಳ್ಳಿ–ದಾವಣಗೆರೆ ರೈಲು ಮಾರ್ಗದಲ್ಲಿ ಹಾವೇರಿ, ಬ್ಯಾಡಗಿ ಹಾಗೂ ರಾಣೆಬೆನ್ನೂರು ನಿಲ್ದಾಣಗಳಿರುತ್ತವೆ. ಹಾವೇರಿ ಮತ್ತು ಬ್ಯಾಡಗಿಯಿಂದ ಕಾಗಿನೆಲೆಗೆ ರಸ್ತೆ ಸಂಪರ್ಕವಿದೆ. ದೇವಾಲಯದ ಆವರಣದಲ್ಲಿ ಶುಚಿತ್ವ ಕಾಪಾಡಲು ಸಾರ್ವಜನಿಕರಲ್ಲಿ ಕೋರಲಾಗಿದೆ.