ನಿಲ್ಲಿಸುವ ವಿದ್ಯೆ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೇಗವನ್ನೇ ಕೊಂಡಾಡಿದ್ದಾರೆ. ಆದರೆ ಓಡುವುದನ್ನು ನಿಲ್ಲಿಸುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅದರ ಮೊದಲ ಪುಟದಲ್ಲಿ ಒಬ್ಬ ತಾಯಿಯೂ ಒಬ್ಬ ಪಾದರಕ್ಷೆ ಹೊಲಿಯುವವನೂ ಇದ್ದಾರೆಂಬುದನ್ನು ತಾವು ಬಲ್ಲಿರಾ?

ಜರ್ಮನಿಯ ಕಾರ್ಲ್ ಬೆಂಜ್ ತಮ್ಮ ಮೂರು ಗಾಲಿಯ ಮೋಟಾರು ಬಂಡಿಗೆ 1886ರಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ಅದನ್ನು ನಂಬಿ ಕೊಳ್ಳುವವರು ವಿರಳವಾಗಿದ್ದರು. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಅವರ ಪತ್ನಿ ಬೆರ್ತಾ, ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಅದೇ ಬಂಡಿಯಲ್ಲಿ ಹೊರಟರು. ದಾರಿ ನೂರು ಕಿಲೋಮೀಟರಿಗೂ ಮಿಗಿಲು. ಇಂಧನವನ್ನು ವೀಸ್‌ಲೋಖ್ ಊರಿನ ಔಷಧದಂಗಡಿಯಲ್ಲಿ ಕೊಂಡರು. ಕಟ್ಟಿಕೊಂಡ ಇಂಧನದ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಳಿಜಾರುಗಳಲ್ಲಿ ಮರದ ಬ್ರೇಕುಗಳು ಸವೆಯತೊಡಗಿದಾಗ, ಪಾದರಕ್ಷೆ ಹೊಲಿಯುವವನೊಬ್ಬನಿಂದ ಅವುಗಳಿಗೆ ತೊಗಲು ಹೊಡೆಸಿದರು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹೀಗೆಂದು ಹೇಳಲಾಗುತ್ತದೆ.

ತೊಗಲು ಹೆಚ್ಚು ಕಾವನ್ನು ತಾಳದು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1908ರಲ್ಲಿ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಬಳಕೆಗೆ ತಂದರು. ಅದು ಕಾವನ್ನೇನೋ ತಾಳಿತು; ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕು ಕ್ಯಾನ್ಸರಿಗೆ ಕಾರಣವಾಗುವುದೆಂದು ಮುಂದೆ ತಿಳಿದುಬಂದಿತು. 1999ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿತು. ಆದುದರಿಂದ ಹಳೆಯ ಕಾರಿನ ಬ್ರೇಕ್ ಡ್ರಮ್ಮನ್ನು ತೆರೆಯುವವರು ಒಳಗಿನ ಧೂಳನ್ನು ಎಂದಿಗೂ ಗಾಳಿಯಿಂದ ಊದಬಾರದು. ಒದ್ದೆ ಮಾಡಿ ಒರೆಸಬೇಕು, ತಕ್ಕ ಮುಖಗವಸನ್ನೂ ಧರಿಸಬೇಕು.

1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರು ನಾಲ್ಕೂ ಗಾಲಿಗಳಿಗೆ ದ್ರವದ ಒತ್ತಡದ ಬ್ರೇಕುಗಳನ್ನು ಹೊಂದಿ ಬಂದಿತು. ಸರಳು, ತಂತಿಗಳ ಬದಲು ದ್ರವವೇ ಪಾದದ ಒತ್ತಡವನ್ನು ಗಾಲಿಗಳಿಗೆ ಒಯ್ದಿತು. ಫೋರ್ಡ್ ಕಾರುಗಳು ಈ ಪದ್ಧತಿಗೆ ಬಂದದ್ದು 1939ರ ಮಾದರಿಗಳಲ್ಲಿ. ಇದಕ್ಕೂ ಒಂದು ದೌರ್ಬಲ್ಯವುಂಟು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿನೊಳಗೆ ಸಿಲಿಂಡರಿಗೆ ತುಕ್ಕು ಹಿಡಿಯುತ್ತದೆ, ರಬ್ಬರು ಗಡುಸಾಗುತ್ತದೆ. ಅಂದಿನ ಅನೇಕ ಕಾರುಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ದ್ರವಜಾಲ. ಒಂದೆಡೆ ಸೋರಿದರೆ ಎಲ್ಲ ಬ್ರೇಕುಗಳೂ ಕೈಕೊಡುತ್ತವೆ. ರಬ್ಬರುಗಳನ್ನು ಬದಲಿಸಿ, ಹೊಸ ಆಯಿಲ್ ತುಂಬಿ, ಕೊಳವೆಗಳಲ್ಲಿ ಸಿಕ್ಕಿದ ಗಾಳಿಯ ಕೊನೆಯ ಗುಳ್ಳೆಯನ್ನೂ ಹೊರದೂಡಿದ ಮೇಲೆಯೇ ಅದನ್ನು ರಸ್ತೆಗೆ ಇಳಿಸಬೇಕು.

ಅಜ್ಜನ ಕಾಲದ ಕಾರೊಂದು ನಿಮ್ಮ ಮನೆಯಲ್ಲಿದ್ದರೆ, ಮೊದಲು ಬಣ್ಣ ಬಳಿಸುವ ಆಸೆ ಸಹಜ. ಆದರೆ ಬಣ್ಣ ನೋಡುವವರ ಕಣ್ಣಿಗಾಗಿ. ಬ್ರೇಕು, ರಸ್ತೆ ದಾಟುವ ಅಪರಿಚಿತ ಮಗುವಿಗಾಗಿ. ಬೆರ್ತಾ ಮಾರ್ಗಮಧ್ಯದಲ್ಲಿ ನಿಂತು ತೊಗಲು ಹೊಡೆಸಿದರು. ನಾವು ಹೊರಡುವ ಮುನ್ನವೇ ಆ ಕೆಲಸವನ್ನು ಮುಗಿಸೋಣ.