ಮರೆವಿನ ಕಾಯಿಲೆಯ ದೂರಚಿಕಿತ್ಸೆಯಲ್ಲಿ ಮನೆಯವರ ಸಾಕ್ಷ್ಯ: ದೊಡ್ಡಉಳ್ಳಾರ್ತಿಯಂಥ ಊರುಗಳನ್ನು ಕುರಿತು

ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜಿಸಿದೆ. ಹೆಂಗಸರಲ್ಲಿ, ಹಳ್ಳಿಗರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ತಜ್ಞರು ಮಾತ್ರ ನಗರಗಳಲ್ಲೇ ಇದ್ದಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಆಸ್ಪತ್ರೆಗಳಿಂದ ಹೊರಟಿತು. ಹೀಗಾಗಿ ದೂರದ ಹಳ್ಳಿಗಳಿಗೆ ಟೆಲಿಮೆಡಿಸಿನ್ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪರದೆಯ ಮೂಲಕ ಯಾರನ್ನು, ಏನನ್ನು ಕೇಳಬೇಕೆಂಬಲ್ಲಿ ನನ್ನ ತಕರಾರಿದೆ.

ಬ್ರಿಯರ್ಲಿ ಮತ್ತು ಸಂಗಡಿಗರು 2017ರಲ್ಲಿ 12 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಮಾತಿನ ಮೂಲಕ ನಡೆಯುವ ನೆನಪಿನ ಪರೀಕ್ಷೆಗಳ ಫಲಿತಾಂಶ ವಿಡಿಯೊದಲ್ಲಿ ಹೆಚ್ಚೇನೂ ಬದಲಾಗದೆಂದರು. ಆ ತೀರ್ಮಾನವನ್ನು ದೊಡ್ಡಉಳ್ಳಾರ್ತಿ ಇರುವ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಗೆ ಹಾಗೆಯೇ ತರಲಾಗದು. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಅಪರೂಪವಲ್ಲ. ಅನಕ್ಷರಸ್ಥರಿಗೆಂದು ಗಂಗೂಲಿ ಮತ್ತವರ ತಂಡ ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆಯನ್ನೇ ನೋಡಿ. ಮೂಲ ಪರೀಕ್ಷೆಯಲ್ಲಿ ಓದಿ ಪಾಲಿಸಬೇಕಿದ್ದ ಆಜ್ಞೆಯ ಬದಲು, ಪರೀಕ್ಷಕನ ಮುಖ ನೋಡಿ ಅವನು ಮಾಡಿದಂತೆ ಕಣ್ಣು ಮುಚ್ಚುವ ಅಂಶವನ್ನು ಅದರಲ್ಲಿ ಸೇರಿಸಿದರು. ಎದುರಿಗೆ ಕೂತಾಗ ಇದು ಜಾಣ ಪರಿಹಾರ. ಮೊಮ್ಮಗ ಹಿಡಿದ ಫೋನಿನಲ್ಲಿ ಚಿತ್ರ ಒಂದು ಕ್ಷಣ ನಿಂತರೆ, ಕಣ್ಣು ಮಂಜಾದ ಅಜ್ಜಿ ಕಳೆದುಕೊಳ್ಳುವ ಅಂಕ ನೆನಪಿನದ್ದೋ ನೆಟ್‌ವರ್ಕಿನದ್ದೋ? ಪಕ್ಕದಲ್ಲಿದ್ದವರು ತಿಂಗಳ ಹೆಸರನ್ನು ಮೆಲ್ಲಗೆ ಹೇಳಿಕೊಟ್ಟರೆ ಸಿಗುವ ಅಂಕವೂ ಅಷ್ಟೇ ಸುಳ್ಳು.

ಬಲ್ಲಭಗಢದ ಅದೇ ಯೋಜನೆಯಿಂದ ಇನ್ನೊಂದು ಸಾಧನವೂ ಬಂತು. ಅದರತ್ತ ನಮ್ಮವರ ಗಮನ ಹೋದದ್ದು ಕಡಿಮೆಯೆಂಬುದು ನನ್ನ ಕೊರಗು. ಫಿಲೆನ್‌ಬಾಮ್ ಮತ್ತಿತರರು 1999ರಲ್ಲಿ ಪ್ರಕಟಿಸಿದ ದಿನಚರಿಯ ಅಳತೆಗೋಲು ರೋಗಿಯನ್ನಲ್ಲ, ಮನೆಯವರನ್ನು ಕೇಳುತ್ತದೆ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆಯೇ, ಊರೊಳಗೇ ದಾರಿ ತಪ್ಪುತ್ತಾರೆಯೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಲು ಸೊಸೆಗೆ ಒಳ್ಳೆಯ ವಿಡಿಯೊ ಬೇಕಿಲ್ಲ, ಸಾದಾ ಕರೆ ಸಾಕು. ಭಾಷೆ ಯಾವುದಾದರೂ ಆದೀತು. 2020ರ ಮಾರ್ಚ್ 25ರ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಡಿಮೆನ್ಶಿಯಾವನ್ನು ಹೆಸರಿಸಿಯೇ, ಅಂಥ ಅಶಕ್ತ ರೋಗಿಯ ಪರವಾಗಿ ಆರೈಕೆದಾರರು ವೈದ್ಯರೊಡನೆ ಮಾತಾಡಲು ಅವಕಾಶ ಕೊಟ್ಟಿದೆ.

ಆದ್ದರಿಂದ ನನ್ನ ವಾದವಿದು: ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ಮೊದಲ ಕರೆ ಮನೆಯವರ ಹೇಳಿಕೆಗೆ ಮೀಸಲಾಗಬೇಕು, ವಿಡಿಯೊದಲ್ಲಿ ಬಂದ ಅಂಕವೊಂದನ್ನೇ ನೆಚ್ಚಿ ರೋಗ ನಿರ್ಣಯಿಸಬಾರದು. ಮನೆಯವರ ಮಾತೂ ಪೂರ್ತಿ ನಂಬಿಕೆಗೆ ಅರ್ಹವೆಂದು ನಾನು ಹೇಳುತ್ತಿಲ್ಲ. ದಣಿದ ಸೊಸೆ ಹೆಚ್ಚಿಸಿ ಹೇಳಬಹುದು. ಅರವತ್ತಕ್ಕೆ ಅರಳು ಮರಳು ಎಂದು ನಂಬಿದ ಮಗ ತೇಲಿಸಿಬಿಡಬಹುದು. ಆರಂಭದ ಹಂತದ ಸೂಕ್ಷ್ಮ ಮರೆವು ಇಬ್ಬರ ಕಣ್ಣಿಗೂ ಬೀಳದಿರಬಹುದು. ಬಿ12 ಕೊರತೆ, ಥೈರಾಯ್ಡ್ ತೊಂದರೆಗಳಂಥ ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಲು ರಕ್ತಪರೀಕ್ಷೆ ಆಗಲೇಬೇಕು. ಮಾರ್ಗಸೂಚಿಯ ಅವಕಾಶವೂ ಅಶಕ್ತತೆ ಗೊತ್ತಾದವರಿಗೆ ಸಂಬಂಧಿಸಿದ್ದು. ರೋಗ ಖಚಿತವಾಗುವ ಮೊದಲು ಹಿರಿಯರ ಒಪ್ಪಿಗೆಯನ್ನು ಅವರಿಂದಲೇ ಪಡೆಯುವುದು ನ್ಯಾಯ.

ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಒಂಟಿಯಾಗಿ ಉಳಿದವರ ವಿಷಯದಲ್ಲಿ ನನ್ನ ವಾದ ಸೋಲುತ್ತದೆ. ಅಲ್ಲಿ ಆಶಾ ಕಾರ್ಯಕರ್ತೆಯ ಮಾತು ಮನೆಯವರ ಮಾತಿಗೆ ಎಷ್ಟರ ಮಟ್ಟಿಗೆ ಸಮವೆಂಬುದು ತೀರ್ಮಾನವಾಗಬೇಕಿದೆ. ಪರದೆಯ ಅಂಕಗಳ ಪ್ರಶ್ನೆಯೂ ಬಾಕಿಯಿದೆ. ನೆನಪು, ಅರಿವುಗಳನ್ನು ಅಳೆಯುವ ಐಸಿಎಂಆರ್‌ನ ಪರೀಕ್ಷಾ ಸಂಪುಟ ಕನ್ನಡ, ತೆಲುಗು ಎರಡರಲ್ಲೂ ಇದೆ. ಅದನ್ನು ಅದೇ ಹಿರಿಯರಿಗೆ ಒಮ್ಮೆ ಎದುರು ಕೂತು, ಒಮ್ಮೆ ಪರದೆಯಲ್ಲಿ ಕೊಟ್ಟು ಹೋಲಿಸುವ ಕೆಲಸವನ್ನು ಚಿತ್ರದುರ್ಗ ಜಿಲ್ಲೆಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು.